ಮಧುಗಿರಿ: ತುದಿಗಿಂತ ಮೊದಲು ಬುರುಜು

ಮಧುಗಿರಿ ಬೆಟ್ಟಕ್ಕೆ ಹೋಗಿ ಬಂದೆ ಅಂದರೆ ತುಮಕೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ತುದಿ ಮುಟ್ಟಿದ್ರಾ?" ಮುಟ್ಟಿದ್ದೇನೆ. ಆದರೆ ಮೊದಲ ಸಲ ಹೊರಟವರಿಗೆ ನಾನು ಹೇಳುವುದು ಬೇರೆ. ತುದಿ ಎಲ್ಲೂ ಓಡಿಹೋಗುವುದಿಲ್ಲ. ಅರ್ಧ ದಾರಿಯಲ್ಲಿ ಒಂದು ಕಾವಲು ಬುರುಜು ಸಿಗುತ್ತದೆ. ಅಲ್ಲಿ ಅರ್ಧ ಗಂಟೆಯಾದರೂ ಕೂತು, ಆಮೇಲೆ ಮೇಲೆ ಹೋಗಬೇಕಾ ಬೇಡವಾ ಅಂತ ತೀರ್ಮಾನ ಮಾಡಿ. ಹೆಚ್ಚಿನವರು ಆ ಬುರುಜಿನ ಮುಂದೆ ಒಂದು ಸೆಲ್ಫಿ ತೆಗೆದು, ಏದುಸಿರು ಬಿಡುತ್ತಾ ಮುಂದಕ್ಕೆ ಓಡುತ್ತಾರೆ. ಕೋಟೆ ಕಟ್ಟಿದವರು ದಿನವಿಡೀ ಕಣ್ಣಿಟ್ಟು ಕೂತಿದ್ದ ಜಾಗ ಅದು, ಅಲ್ವಾ?

ಹೋಗುವುದು ಸುಲಭ. ತುಮಕೂರಿನಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಸುಮಾರು 43 ಕಿಲೋಮೀಟರ್. ಪಾವಗಡದ ಕಡೆ ಹೋಗುವ ಬಸ್ಸುಗಳೂ ಈ ದಾರಿಯಲ್ಲೇ ಹೋಗುತ್ತವೆ. ಬೆಟ್ಟ ಊರಿಗೇ ಅಂಟಿಕೊಂಡಿದೆ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ, ಕೇಳದಿದ್ದರೂ ಬೆಟ್ಟವೇ ಕಾಣುತ್ತಿರುತ್ತದೆ. ನಾನು ಹೋಗುವುದು ನವೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗ್ಗೆ ಮೊದಲ ಬಸ್ಸಿಗೆ. ಈ ಸಲ ಅಕ್ಕನ ಮಗನೂ ಜೊತೆಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ, ಕಾಲೇಜಿನ ಮೆಟ್ಟಿಲಿಗೂ ಲಿಫ್ಟ್ ಹುಡುಕುವ ಜಾತಿ.

ಮಾರ್ಚ್ ಬಂತೆಂದರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಇಡೀ ಬೆಟ್ಟವೇ ಒಂದು ಬಂಡೆ. ಸಾವನದುರ್ಗ ಬಿಟ್ಟರೆ ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಅನ್ನುತ್ತಾರೆ. ಮೇಲೆ ಹೋದಂತೆ ಮರದ ನೆರಳು ಇಲ್ಲವೇ ಇಲ್ಲ. ಹತ್ತು ಗಂಟೆಗೆಲ್ಲ ಕಲ್ಲು ಕಾದ ಕಾವಲಿಯ ಹಾಗೆ ಆಗುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಕೆಳಗಿನ ಬಾಗಿಲಲ್ಲಿ ಪುರಾತತ್ವ ಇಲಾಖೆಯ ಬೋರ್ಡ್ ಇದೆ. ಈ ಕೋಟೆಯ ಕಥೆಯಲ್ಲಿ ಮೊದಲು ಬರುವ ಹೆಸರು ರಾಜ ಹಿರೇಗೌಡ ಅನ್ನುವ ಪಾಳೆಯಗಾರನದು. 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ಆಮೇಲೆ ಹೈದರಾಲಿ ಇದನ್ನು ಇನ್ನಷ್ಟು ಗಟ್ಟಿ ಮಾಡಿಸಿದ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಬಾಗಿಲುಗಳಿಗೆ ಹೆಸರಿದೆ. ಇಸವಿಗಳು ಮರೆತುಹೋದರೂ ಪರವಾಗಿಲ್ಲ, ಗೋಡೆಯ ಹತ್ತಿರ ಹೋಗಿ ನಿಂತರೆ ಸಾಕು. ಕೆಳಗಡೆ ದೊಡ್ಡ ದೊಡ್ಡ ಕಲ್ಲು. ಒಂದರ ಪಕ್ಕ ಒಂದು ಎಷ್ಟು ಬಿಗಿಯಾಗಿ ಕೂತಿವೆಯೆಂದರೆ ಬೆರಳ ಉಗುರು ಕೂಡ ತೂರದ ಜಾಗಗಳಿವೆ. ಅದರ ಮೇಲೆ ಇಟ್ಟಿಗೆ ಮತ್ತು ಗಾರೆಯ ಕೈಪಿಡಿ ಗೋಡೆ. ಅದು ಬಂದೂಕಿನ ಕಾಲದ ಕೆಲಸ, ನೋಡಿದರೇ ಗೊತ್ತಾಗುತ್ತದೆ.

ಆ ಗೋಡೆಯ ಕಿಂಡಿಯಲ್ಲಿ ಒಮ್ಮೆ ಬಗ್ಗಿ ನೋಡಿ. ಒಳಗಡೆ ಅಗಲ, ಹೊರಗಡೆ ಕಿರಿದು. ಒಳಗೆ ನಿಂತವನು ಬಂದೂಕಿನ ಕೊಳವೆಯನ್ನು ಎಡಕ್ಕೂ ಬಲಕ್ಕೂ ಆಡಿಸಬಹುದು. ಹೊರಗಿನವನಿಗೆ ಕಾಣುವುದು ಬರೀ ಒಂದು ಸೀಳು. ಕೆಲವು ಕಿಂಡಿಗಳು ನೇರವಾಗಿಲ್ಲ, ಕೆಳಕ್ಕೆ ಓರೆಯಾಗಿವೆ. ಗೋಡೆಯ ಬುಡಕ್ಕೇ ಬಂದು ನಿಂತವನಿಗೆ ಅವು. ಹುಡುಗ ಒಂದೊಂದು ಕಿಂಡಿಗೂ ಕಣ್ಣಿಟ್ಟು ನೋಡಿ, "ಮಾಮ, ಇದು ಸಿಸಿ ಕ್ಯಾಮೆರಾ ಇಟ್ಟಂಗೇ ಇದೆ, ಒಂದು ಕಡೆನೂ ಬಿಟ್ಟಿಲ್ಲ" ಅಂದ. ಅಲ್ಲಿಂದ ಮುಂದಕ್ಕೆ ಅವನ ಗೊಣಗಾಟ ಸ್ವಲ್ಪ ಕಡಿಮೆಯಾಯಿತು.

ಬುರುಜಿನವರೆಗೆ ದಾರಿ ಕಷ್ಟವೇನಿಲ್ಲ. ಹೆಚ್ಚು ಕಡೆ ಮೆಟ್ಟಿಲುಗಳಿವೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಮಂಡಿ ಚೆನ್ನಾಗಿದ್ದರೆ, ನಿಧಾನವಾಗಿ ಇಲ್ಲಿಯವರೆಗೆ ಕರೆತರಬಹುದು. ನಾನು ನೆರಳಿರುವ ಬದಿಗೆ ಕೂತು ಬಾಟಲಿ ತೆಗೆದೆ. ಕೆಳಗೆ ಊರಿನ ಮಾಡುಗಳು, ಕೆರೆ, ಅಲ್ಲಲ್ಲಿ ತೆಂಗು ಅಡಿಕೆ, ಉಳಿದಂತೆ ಕಡ್ಲೆಕಾಯಿ ಕಿತ್ತು ಬರಿದಾದ ಹೊಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಈ ತಾಲ್ಲೂಕಿನ ಮೇಲೇ ಹೋಗುತ್ತದೆ. ಹೆಚ್ಚು ಕಾಲ ನೀರಿಗಿಂತ ಮರಳೇ ಜಾಸ್ತಿ.

"ಕಾವಲಿಗೆ ಕೂರೋದಾದ್ರೆ ತುದಿಗೇ ಹೋಗಿ ಕೂರಬಹುದಿತ್ತಲ್ಲ ಮಾಮ, ಇಲ್ಯಾಕೆ ಕಟ್ಟಿದ್ರು?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. "ನೀನೇ ಲೆಕ್ಕ ಹಾಕಪ್ಪ" ಅಂದೆ. ನೆಲ ಸಮನಾಗಿದ್ದರೆ ಎಷ್ಟು ದೂರ ಕಾಣುತ್ತದೆ ಅನ್ನುವುದಕ್ಕೆ ಒಂದು ಸುಲಭ ಸೂತ್ರವಿದೆ. ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲ ತೆಗೆದು 3.57ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,193 ಮೀಟರ್, ಊರಿನ ನೆಲದಿಂದ ಸುಮಾರು 400 ಮೀಟರ್. ಅಂದರೆ ತುದಿಯಿಂದ ದಿಗಂತ ಸುಮಾರು 71 ಕಿಲೋಮೀಟರ್. ಅರ್ಧಕ್ಕೆ, 200 ಮೀಟರಿನಲ್ಲಿ ಕೂತರೆ? ಸುಮಾರು 50 ಕಿಲೋಮೀಟರ್. ಎತ್ತರ ಎರಡರಷ್ಟು ಮಾಡಿಕೊಂಡರೂ ನೋಟ ಎರಡರಷ್ಟು ಆಗುವುದಿಲ್ಲ. ನಡುವೆ ಬೇರೆ ಬೆಟ್ಟಗಳಿವೆ, ಧೂಳಿದೆ, ಮಂಜಿದೆ, ಹಾಗಾಗಿ ನಿಜಕ್ಕೂ ಅಷ್ಟು ದೂರ ಕಾಣುವ ದಿನ ಅಪರೂಪ. ಆದರೂ ಎತ್ತು ಎಳೆಯುವ ಫಿರಂಗಿಗಳ ದಂಡು ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದರೆ ಹೆಚ್ಚು. ಅದರ ಧೂಳು ಕಂಡ ಮೇಲೆ ಬಾಗಿಲು ಭದ್ರ ಮಾಡಲು ಬೇಕಾದಷ್ಟು ಹೊತ್ತು ಇರುತ್ತದೆ.

ದೂರ ಕಂಡರಷ್ಟೇ ಸಾಲದು, ಹತ್ತಿರವೂ ಕಾಣಬೇಕು. ತುದಿಯಿಂದ ಮನುಷ್ಯ ಒಂದು ಚುಕ್ಕೆ. ಬುರುಜಿನಿಂದ ಕೆಳಗಿನ ಬಾಗಿಲಿಗೆ ಬಂದವನ ಕೈಯಲ್ಲಿ ಏನಿದೆ ಅಂತ ಸುಮಾರಾಗಿ ಹೇಳಬಹುದು. ಕೂಗಿದರೆ ಕೇಳಿಸುತ್ತದೆ. ಚಳಿಗಾಲದ ಬೆಳಗ್ಗೆ ತುದಿಗೆ ಮೋಡ ಕವಿದಿದ್ದರೂ ಇಲ್ಲಿ ಬಿಸಿಲು ಇರುತ್ತದೆ. ಇದು ನಾನು ಅಲ್ಲಿ ಕೂತು ಕೂತು ಕಂಡುಕೊಂಡ ವಿವರಣೆ, ಯಾವ ಬೋರ್ಡಿನಲ್ಲೂ ಬರೆದಿಲ್ಲ. ಆದರೆ ನನಗಂತೂ ಸಮಾಧಾನ ಕೊಟ್ಟಿದೆ.

ಇದೇ ಕೋಟೆಯಲ್ಲಿ ಕೆಳದಿಯ ರಾಣಿ ವೀರಮ್ಮಾಜಿ ಸೆರೆಯಲ್ಲಿದ್ದಳು. 1763ರಲ್ಲಿ ಹೈದರಾಲಿ ಅವಳ ರಾಜಧಾನಿ ಬಿದನೂರು ಹಿಡಿದ. ರಾಣಿಯನ್ನೂ ಅವಳ ದತ್ತುಮಗನನ್ನೂ ಇಲ್ಲಿಗೆ ತಂದು ಇಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಕೋಟೆ ಗೆದ್ದು ಬಿಡಿಸಿತು. ಮಲೆನಾಡಿನ ಹಸಿರಿನಿಂದ ಬಂದವಳಿಗೆ ಈ ಬೋಳು ಬಂಡೆ, ಈ ಬಿಸಿಲು ಹೇಗಿತ್ತೋ! ಅಷ್ಟು ಎತ್ತರದ ಗೋಡೆ, ಅಷ್ಟೊಂದು ಬಾಗಿಲು ಬರೀ ಹೊರಗಿನವರನ್ನು ತಡೆಯುವುದಕ್ಕಲ್ಲ ಅನ್ನುವುದು ಇಲ್ಲಿ ಕೂತಾಗಲೇ ಹೊಳೆಯುವುದು.

ಬುರುಜು ದಾಟಿದ ಮೇಲೆ ಬೆಟ್ಟದ ಸ್ವಭಾವವೇ ಬೇರೆ. ಮೆಟ್ಟಿಲು ಮುಗಿಯುತ್ತದೆ, ಬೋಳು ಬಂಡೆ ಶುರುವಾಗುತ್ತದೆ. ಕಾಲಿಡುವುದಕ್ಕೆ ಬಂಡೆಯಲ್ಲೇ ಕಚ್ಚು ಕೊರೆದಿದ್ದಾರೆ. ಕೆಲವು ಕಡೆ ಹಿಡಿದುಕೊಳ್ಳಲು ಕಂಬಿ ಇದೆ, ಕೆಲವು ಕಡೆ ಇಲ್ಲ. ಕಚ್ಚುಗಳು ಸಣ್ಣವು. ಇವತ್ತಿನ ಶೂನಲ್ಲಿ ಮುಂಗಾಲು ಮಾತ್ರ ಹಿಡಿಯುತ್ತದೆ. ನೇರ ಇಡುವ ಬದಲು ಪಾದವನ್ನು ಸ್ವಲ್ಪ ಅಡ್ಡ ಇಟ್ಟರೆ ಜಾಸ್ತಿ ಹಿಡಿತ ಸಿಗುತ್ತದೆ. ಕಚ್ಚಿನ ನಡುಭಾಗ ಸವೆದು ನುಣ್ಣಗಾಗಿರುತ್ತದೆ, ಅಂಚು ಇನ್ನೂ ಒರಟು. ಅಂಚಿಗೇ ಕಾಲಿಡಿ.

ಬಂಡೆಯ ಬಣ್ಣ ನೋಡಿ ನಡೆಯುವುದು ಇಲ್ಲಿ ಮುಖ್ಯ. ಬೂದು, ಕಂದು ಬಣ್ಣದ ಒರಟು ಕಲ್ಲು ಒಣಗಿದ್ದರೆ ರಬ್ಬರ್ ಸೋಲು ಅಂಟಿದ ಹಾಗೆ ಹಿಡಿಯುತ್ತದೆ. ಮಳೆನೀರು ಹರಿದು ಹರಿದು ಮೂಡಿದ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಇಳಿದಿರುತ್ತವೆ. ಅದು ಒಣಗಿದ ಪಾಚಿ. ಒಂದು ಲೋಟ ನೀರು ಬಿದ್ದರೆ ಸಾಕು, ಸೋಪು ಸವರಿದ ನೆಲವಾಗುತ್ತದೆ. ಮಳೆಗಾಲದಲ್ಲಿ ಬೇಡ ಅಂದದ್ದು ಇದಕ್ಕೇ. ಪಟ್ಟೆ ದಾಟಲೇಬೇಕಾದರೆ ಅತಿ ಕಿರಿದಾದ ಕಡೆ ಒಂದೇ ಹೆಜ್ಜೆಗೆ ದಾಟಿ, ಅದರ ಮೇಲೆ ನಿಲ್ಲಬೇಡಿ. ಎರಡೂ ಕೈ ಖಾಲಿ ಇರಬೇಕು. ಮೊಬೈಲ್ ಜೇಬಿಗೆ, ಟೋಪಿ ಇದ್ದರೆ ಬ್ಯಾಗಿಗೆ. ಗಾಳಿ ಹೇಳದೆ ಕೇಳದೆ ಬರುತ್ತದೆ, ಹಾರಿದ ಟೋಪಿ ಹಿಡಿಯಲು ಕೈ ತಾನಾಗಿ ಮೇಲೇಳುತ್ತದೆ.

ತುದಿಯಲ್ಲಿ ಗೋಪಾಲಕೃಷ್ಣ ದೇವಸ್ಥಾನದ ಪಾಳು ಕಟ್ಟಡ ಇದೆ, ದೇವರಿಲ್ಲ. ಧಾನ್ಯ ತುಂಬಿಡುತ್ತಿದ್ದ ಕಣಜಗಳಿವೆ. ಗೋಡೆಯ ಮೇಲೆ ಇಪ್ಪತ್ತನೆಯ ಶತಮಾನದ ಪ್ರೇಮಿಗಳ ಹೆಸರುಗಳಿವೆ, ಇಪ್ಪತ್ತೊಂದನೆಯದ್ದೂ ಇವೆ. ತಿಳಿಯಾದ ದಿನ ಚನ್ನರಾಯನದುರ್ಗದ ಕಡೆಯ ಬೆಟ್ಟಸಾಲು ಕಾಣುತ್ತದೆ. ನೋಟ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ.

ಇಳಿಯುವುದಕ್ಕೆ ಹತ್ತುವುದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಕೆಳಗೆ ಸೌತೆಕಾಯಿ ಮಾರುತ್ತಿದ್ದ ಅಜ್ಜಿ ಬೆಳಗ್ಗೆಯೇ ಹೇಳಿದ್ದಳು: "ಹತ್ತಾದೇನೋ ಹತ್ತೀರ ಸ್ವಾಮಿ, ಇಳಿಯಾಗ ಹುಷಾರು." ಹತ್ತುವಾಗ ಕಣ್ಣ ಮುಂದೆ ಬಂಡೆ ಇರುತ್ತದೆ, ಇಳಿಯುವಾಗ ಕಣ್ಣ ಮುಂದೆ ಬರೀ ಗಾಳಿ. ಹುಡುಗನಿಗೆ ಒಂದು ಕಡೆ ಕಾಲು ನಡುಗಲು ಶುರುವಾಯಿತು. ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಆಗ ಭಾರವೆಲ್ಲ ಹಿಮ್ಮಡಿಗೆ ಬಿದ್ದು ಕಾಲು ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಅಂಗಾಲು ಬಂಡೆಗೆ ಕೂರಿಸಿ, ದೇಹ ಮುಂದಕ್ಕೇ ಇಟ್ಟು, ಸಣ್ಣ ಸಣ್ಣ ಹೆಜ್ಜೆ. ತುಂಬ ಕಡಿದಾದಲ್ಲಿ ಪಕ್ಕಕ್ಕೆ ತಿರುಗಿ ಒಂದೊಂದೇ ಕಾಲು ಇಳಿಸಿ. ಅದೂ ಆಗದಿದ್ದರೆ ಕೂತು, ಕೈಯೂರಿ ಇಳಿಯಿರಿ. ಪ್ಯಾಂಟು ಹರಿಯಬಹುದು, ಹೋದರೆ ಹೋಗಲಿ. ನಾನು ಅವನಿಗಿಂತ ಎರಡು ಹೆಜ್ಜೆ ಕೆಳಗೆ, ಸ್ವಲ್ಪ ಪಕ್ಕಕ್ಕೆ ನಿಂತು "ಕೆಳಗೆ ನೋಡಬೇಡ, ನಿನ್ನ ಶೂ ನೋಡು" ಅನ್ನುತ್ತಾ ಇಳಿಸಿದೆ. ನೇರ ಕೆಳಗೆ ನಿಲ್ಲಬೇಡಿ, ಅವರು ಜಾರಿದರೆ ಇಬ್ಬರೂ ಹೋಗುತ್ತೀರಿ.

ಇನ್ನು ನೀರು. ತಲೆಗೆ ಎರಡು ಲೀಟರ್ ಬೇಕೇ ಬೇಕು, ಮೇಲೆ ಕುಡಿಯುವ ನೀರು ಅಂತ ನಂಬಿಕೊಂಡು ಹೋಗಬೇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದರೆ ಕೋತಿಗಳಿಗೆ ಆಹ್ವಾನ ಕೊಟ್ಟ ಹಾಗೆ, ಎಲ್ಲ ಬ್ಯಾಗಿನೊಳಗೆ ಇರಲಿ. ಬಂಡೆಯ ಸಂದಿಗಳಲ್ಲಿ ಹೆಜ್ಜೇನು ಕಟ್ಟುತ್ತವೆ. ಆ ಹತ್ತಿರ ಕೂಗಾಟ, ಬೀಡಿ ಸಿಗರೇಟು, ಕಲ್ಲು ಎಸೆಯುವ ಆಟ ಯಾವುದೂ ಬೇಡ.

ಮಧ್ಯಾಹ್ನದೊಳಗೆ ಇಳಿದರೆ ಊರಿನ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳನ್ನು ನೋಡಿಕೊಂಡು ಊಟ ಮಾಡಬಹುದು. ಸ್ವಂತ ಗಾಡಿ ಇದ್ದವರು ಇದೇ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ, ಬಿಸಿಲು ತಗ್ಗಿದ ಮೇಲೆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ನೋಡಬಹುದು. ನಾವು ಹೋಗಲಿಲ್ಲ. ಹುಡುಗ ಮುದ್ದೆ ಊಟ ಮುಗಿಸಿ, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು, ಕೊರಟಗೆರೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.