ಹಳೆ ಟ್ರಕ್ಕಿನ ಚಿಕ್ಕ ಪಾರ್ಟ್ಸ್: ಗಾಡಿ ಹೆಸರು ಬಿಡಿ, ಅಳತೆ ಹಿಡಿಯಿರಿ

ಹಳೆ ಟ್ರಕ್ ಅಂದರೆ ಎಂಜಿನ್ನೇ ದೊಡ್ಡ ತಲೆನೋವು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎಂಜಿನ್ ಕೆಲಸ ಬಲ್ಲವರು ಸಿಗುತ್ತಾರೆ, ಪಿಸ್ಟನ್ ರಿಂಗ್ ಕೂಡ ಹೇಗೋ ಸಿಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತುಬಿಡುವುದು ಬೆರಳುದ್ದದ ಸಾಮಾನಿಗೆ. ವೈಪರ್ ಲಿಂಕಿನ ಬುಶ್ (ಪಿನ್ ತಿರುಗುವ ಕೊಳವೆಯಂಥ ಬಳೆ), ಕಿಟಕಿ ಗಾಜು ಏರಿಸುವ ಹ್ಯಾಂಡಲ್, ಆಕ್ಸಿಲರೇಟರ್ ರಾಡಿನ ತುದಿಯ ಪಿನ್, ಇಂಥವು. ಟ್ರಕ್ಕಿನ ಹೆಸರು, ವರ್ಷ ಹೇಳಿ ಕೇಳಿದರೆ "ಅದೆಲ್ಲಾ ಯಾವತ್ತೋ ನಿಂತುಹೋಯ್ತು ಬಿಡಿ" ಅನ್ನುವ ಉತ್ತರವೇ ಬರುತ್ತದೆ. ಅದಕ್ಕೇ ನಾನು ಗಾಡಿಯ ಹೆಸರೇ ಎತ್ತುವುದಿಲ್ಲ. ಅಳತೆ ಹೇಳುತ್ತೇನೆ.

ಕಾರಣ ಸರಳ. ಟ್ರಕ್ ಕಂಪನಿಗಳು ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಬೇರಿಂಗ್, ಆಯಿಲ್ ಸೀಲ್, ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ), ಸ್ವಿಚ್, ಬಲ್ಬ್ ಹೋಲ್ಡರ್ ಎಲ್ಲಾ ಹೊರಗಿನಿಂದ ಬರುತ್ತಿತ್ತು, ಅದೇ ಸಾಮಾನು ಟ್ರ್ಯಾಕ್ಟರಿಗೂ ನೀರಿನ ಪಂಪಿಗೂ ಹೋಗುತ್ತಿತ್ತು. ಬೇರಿಂಗ್ ಒರೆಸಿ ಅದರ ಬಳೆಯ ಮೇಲೆ ಬೆಳಕು ಬಿಟ್ಟರೆ ನಂಬರ್ ಕಾಣುತ್ತದೆ. 6204 ಅಂತಿದ್ದರೆ ಒಳಗಿನ ತೂತು 20 ಮಿ.ಮೀ., ಹೊರಗೆ 47, ದಪ್ಪ 14. ಇದು ಇವತ್ತಿಗೂ ಬೇಕಾದಷ್ಟು ಸಿಗುವ ಬೇರಿಂಗ್. ಕಂಪನಿಯ ಪಾರ್ಟ್ ನಂಬರ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಆಯಿಲ್ ಸೀಲ್ ಕೂಡ ಹಾಗೇ: ಶಾಫ್ಟಿನ ಅಳತೆ, ಕೂರುವ ಜಾಗದ ಅಳತೆ, ದಪ್ಪ, ಈ ಮೂರು ಸಾಕು. ಹಳೆಯದು ಚರ್ಮದ ಸೀಲ್ ಆಗಿದ್ದರೂ ಅದೇ ಅಳತೆಯ ರಬ್ಬರ್ ಸೀಲ್ ಹುಡುಕಬಹುದು.

ಆದರೆ ಸವೆದ ಸಾಮಾನನ್ನು ಅಳೆದರೆ ಸವೆದ ಅಳತೆಯೇ ಬರುತ್ತದೆ, ಅಲ್ವಾ? ಹೆಚ್ಚಿನವರು ಎಡವುವುದು ಇಲ್ಲೇ. ಪಿನ್ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ನಡುವೆ ಒಂದು ಕಡೆ ಮಾತ್ರ ತಗ್ಗು ಬಿದ್ದು ಹೊಳೆಯುತ್ತಿರುತ್ತದೆ, ಎರಡೂ ತುದಿ, ಅದರಲ್ಲೂ ಸರ್ಕ್ಲಿಪ್ಪಿನ ಪಕ್ಕದ ಚೂರು ಜಾಗ, ಕಪ್ಪಗೆ ಹಾಗೇ ಉಳಿದಿರುತ್ತದೆ. ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿಯಬೇಕಾದದ್ದು ಆ ಕಪ್ಪು ಜಾಗಕ್ಕೆ. ಬಾಗಿಲಿನ ಸಾಮಾನಾದರೆ ಇನ್ನೂ ಸುಲಭ. ಡ್ರೈವರ್ ಕಡೆಯ ಬಾಗಿಲು ಸಾವಿರಾರು ಸಲ ತೆರೆದು ಮುಚ್ಚಿರುತ್ತದೆ, ಆಚೆ ಬದಿಯದು ಅಷ್ಟಿಲ್ಲ. ಆ ಕಡೆಯದನ್ನು ಬಿಚ್ಚಿ ಅಳತೆ ತೆಗೆದುಕೊಳ್ಳಿ, ಎಡ ಬಲ ಅದಲುಬದಲಾಗುವುದನ್ನು ಮಾತ್ರ ಮರೆಯಬೇಡಿ. ಮಿಲಿಮೀಟರಿನಲ್ಲಿ ವಿಚಿತ್ರ ಸಂಖ್ಯೆ ಬಂದರೆ 25.4ರಿಂದ ಭಾಗಿಸಿ. 9.5 ಬಂದರೆ ಹೆಚ್ಚಾಗಿ ಅದು ಮೂರು ಬೈ ಎಂಟು ಇಂಚು.

ಥ್ರೆಡ್ ವಿಷಯ ಬೇರೆಯೇ ಕಥೆ. ಬ್ರಿಟನ್ನಿನ ವಿಟ್ವರ್ತ್ ಥ್ರೆಡ್ 1841ರದ್ದು, ಥ್ರೆಡ್ಡಿನ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕ, ಬ್ರಿಟನ್, ಕೆನಡಾ ಸೇರಿ 1948ರಲ್ಲಿ ಒಪ್ಪಿಕೊಂಡ ಯುನಿಫೈಡ್ ಥ್ರೆಡ್ 60 ಡಿಗ್ರಿ. ಕಾಲು ಇಂಚಿನ ಬೋಲ್ಟಿನಲ್ಲಿ ವಿಟ್ವರ್ತಿಗೂ ಯುನಿಫೈಡ್‌ನ ದಪ್ಪ ಸುತ್ತಿನ ಬಗೆಯಾದ ಯುಎನ್‌ಸಿಗೂ ಇಂಚಿಗೆ 20 ಸುತ್ತೇ, ಹಾಗಾಗಿ ಒಂದರ ನಟ್ಟು ಇನ್ನೊಂದಕ್ಕೆ ಹೋಗುತ್ತದೆ, ಹೋಯಿತು ಅಂತ ನಾವೂ ಖುಷಿಯಾಗಿಬಿಡುತ್ತೇವೆ. ಕೋನ ಬೇರೆಯಾದ್ದರಿಂದ ಅದು ಸರಿಯಾಗಿ ಕಚ್ಚಿರುವುದಿಲ್ಲ. ಅರ್ಧ ಇಂಚಿನಲ್ಲಿ ವಿಟ್ವರ್ತಿಗೆ 12 ಸುತ್ತು, ಯುಎನ್‌ಸಿಗೆ 13, ಅಲ್ಲಿ ಮೊಂಡಾಟ ಮಾಡಿದರೆ ಥ್ರೆಡ್ಡೇ ಹಾಳು. ಎರಡೂ ಕೋನದ ಥ್ರೆಡ್ ಗೇಜ್ (ಹಲ್ಲುಳ್ಳ ಅಳತೆ ಪಟ್ಟಿ) ಇಟ್ಟುಕೊಳ್ಳಿ. ಹಳ್ಳದಲ್ಲಿ ಗೇಜ್ ಕೂರಿಸಿ ಹಿಂದಿನಿಂದ ಟಾರ್ಚ್ ಬಿಟ್ಟಾಗ ಬೆಳಕು ನುಸುಳಬಾರದು.

ಇನ್ನು ಎಲ್ಲೂ ಸಿಗದೇ ಮಾಡಿಸಬೇಕಾದವು. ಬುಶ್ಶು ಲೇತ್‌ನಲ್ಲಿ ಬೇಗ ಆಗುತ್ತದೆ. ನಾನು ಗನ್‌ಮೆಟಲ್ (ಒಂದು ಬಗೆಯ ಕಂಚು) ಹಾಕಿಸುತ್ತೇನೆ, ಒಳಗಿನ ತೂತನ್ನು ಮೊದಲು ಸ್ವಲ್ಪ ಚಿಕ್ಕದೇ ಇಡಿಸಿ, ಬುಶ್ ಒತ್ತಿ ಕೂರಿಸಿದ ಮೇಲೆ ರೀಮರ್ (ತೂತನ್ನು ಸರಿ ಅಳತೆಗೆ ತರುವ ಉಪಕರಣ) ಹೊಡೆಯುತ್ತೇನೆ. ಒತ್ತಿದಾಗ ಬುಶ್ ಚೂರು ಕುಗ್ಗುತ್ತದೆ, ಮೊದಲೇ ಸರಿ ಅಳತೆಗೆ ಕೊರೆದರೆ ಪಿನ್ ಹೋಗುವುದಿಲ್ಲ. ಲೇತ್ ಹೇಗೂ ಸೆಟ್ ಆಗಿರುತ್ತದೆ, ಒಂದು ಬದಲು ಎರಡು ಮಾಡಿಸಿ.

ಕಿಟಕಿ ಹ್ಯಾಂಡಲ್ ಸತಾಯಿಸುವ ಸಾಮಾನು. ಹಳೆಯವು ಸತು ಬೆರೆಸಿದ ಲೋಹದಲ್ಲಿ ಎರಕ ಹೊಯ್ದವು, ಮೇಲೆ ಕ್ರೋಮ್. ಆ ಲೋಹದಲ್ಲಿ ಸೀಸದಂಥ ಕಲಬೆರಕೆ ಇದ್ದರೆ ವರ್ಷಗಳಾದ ಮೇಲೆ ಒಳಗೊಳಗೇ ಬಿರುಕು ಬಿಟ್ಟು, ಉಗುರು ತಾಗಿದರೂ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತದೆ. ವೆಲ್ಡಿಂಗ್ ಹಿಡಿದರೆ ಕರಗಿ ಕೆಳಗೆ ಬೀಳುತ್ತದೆ. ಚೂರುಗಳನ್ನು ಅಂಟಿಸಿ, ಪುಟ್ಟಿ ತುಂಬಿ, ಅದನ್ನೇ ಅಚ್ಚಿಗೆ ಮಾದರಿ ಮಾಡಿ ಅಲ್ಯೂಮಿನಿಯಂನಲ್ಲಿ ಹೊಯ್ಯಿಸಬಹುದು. ಆದರೆ ಅಲ್ಯೂಮಿನಿಯಂ ಆರುವಾಗ ನೂರಕ್ಕೆ ಒಂದೂಕಾಲರಷ್ಟು ಕುಗ್ಗುತ್ತದೆ. ಅದಕ್ಕೇ ಮಾದರಿಗೆ ಬಣ್ಣವೋ ಪುಟ್ಟಿಯೋ ಇನ್ನೊಂದಿಷ್ಟು ಬಳಿದು ದಪ್ಪ ಮಾಡುತ್ತೇನೆ, ಹ್ಯಾಂಡಲ್ ಶಾಫ್ಟಿಗೆ ಸಿಕ್ಕಿಕೊಳ್ಳುವ ಹಲ್ಲಿನ ತೂತನ್ನು ಮುಚ್ಚಿ ಹೊಯ್ಯಿಸಿ ಆಮೇಲೆ ಕೊರೆಸುತ್ತೇನೆ.

ತ್ರೀಡಿ ಪ್ರಿಂಟ್? ಒಳ್ಳೆಯದೇ, ಆದರೆ ಮೊದಲು ಅಳತೆ ಕೂರುತ್ತದಾ ಅಂತ ನೋಡುವುದಕ್ಕೆ. ಪಿಎಲ್‌ಎ (ಪ್ರಿಂಟಿಗೆ ಬಳಸುವ ಮಾಮೂಲಿ ಪ್ಲಾಸ್ಟಿಕ್) ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕ್ಯಾಬಿನ್ನಿನ ಡ್ಯಾಶ್‌ಬೋರ್ಡಿಗೆ ಅದು ಬೇಡ. ಗುಂಡಿ, ಮುಚ್ಚಳ ಅಂಥವನ್ನು ಇನ್ನೊಂದು ಪ್ಲಾಸ್ಟಿಕ್ ಆದ ಎಎಸ್‌ಎಯಲ್ಲಿ ಮಾಡಿ, ಬಿಸಿಲಿಗೂ ತಡೆಯುತ್ತದೆ.

ಗ್ಯಾಸ್ಕೆಟ್ಟಿಗೆ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಯಾರನ್ನೂ ಕಾಯಬೇಡಿ. ಪ್ಯಾಕಿಂಗ್ ಶೀಟನ್ನು ಕವರಿನ ಮೇಲಿಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಮೆಲ್ಲಗೆ ತಟ್ಟುತ್ತಾ ಹೋದರೆ ಶೀಟು ತಾನೇ ಕತ್ತರಿಸಿಕೊಳ್ಳುತ್ತದೆ. ಮೊದಲು ಎರಡು ಬೋಲ್ಟ್ ತೂತು ಮಾಡಿ ಬೋಲ್ಟ್ ತೂರಿಸಿಡಿ, ಶೀಟು ಜಾರುವುದಿಲ್ಲ. ಅಲ್ಯೂಮಿನಿಯಂ ಕವರಾದರೆ ತಟ್ಟಬೇಡಿ, ಅಂಚು ನಗ್ಗುತ್ತದೆ. ಅಲ್ಲಿ ಕೊಳೆ ಗ್ರೀಸಿನ ಗುರುತು ಒತ್ತಿ ಕತ್ತರಿಯಲ್ಲಿ ಕತ್ತರಿಸಿ.

ರಬ್ಬರಿನಲ್ಲಿ ಒಂದೇ ನೆನಪಿರಲಿ: ಆಯಿಲ್ ಇರುವ ಕಡೆ ನೈಟ್ರೈಲ್ ರಬ್ಬರ್, ಈಗಿನ ಗ್ಲೈಕಾಲ್ ಬ್ರೇಕ್ ದ್ರವ ಇರುವ ಕಡೆ ಇಪಿಡಿಎಂ ರಬ್ಬರ್. ಅದಲುಬದಲಾದರೆ ಉಬ್ಬಿಕೊಂಡು ಕೂರುತ್ತದೆ. ಡಬ್ಬಿ ಒಡೆಯದ ಹಳೇ ಸ್ಟಾಕ್ ಅಂತ ಕೊಟ್ಟರೂ ರಬ್ಬರ್ ಸಾಮಾನು ನಾನು ತೆಗೆದುಕೊಳ್ಳುವುದಿಲ್ಲ, ಡಬ್ಬಿಯಲ್ಲೇ ಅದಕ್ಕೆ ವಯಸ್ಸಾಗಿರುತ್ತದೆ.

ಬ್ರೇಕ್ ಮತ್ತು ಸ್ಟೀರಿಂಗಿನ ಭಾಗಗಳನ್ನು ಸುಮ್ನೆ ಲೇತ್‌ನಲ್ಲಿ ಮಾಡಿಸುವುದಿಲ್ಲ. ಅಲ್ಲಿ ಬೋಲ್ಟ್ ಬದಲಿಸಿದರೂ ತಲೆಯ ಗುರುತು ನೋಡುತ್ತೇನೆ: ಇಂಚಿನ ಬೋಲ್ಟಿನಲ್ಲಿ ಮೂರು ಗೆರೆ ಅಂದರೆ ಗ್ರೇಡ್ 5, ಆರು ಗೆರೆ ಅಂದರೆ ಗ್ರೇಡ್ 8. ಥಳಥಳ ಅನ್ನುವ ಸ್ಟೇನ್‌ಲೆಸ್ ಬೋಲ್ಟ್ ನೋಡಲು ಚೆಂದ, ಆದರೆ ಮಾಮೂಲಿ ಎ2-70 ದರ್ಜೆಯದು 8.8 ದರ್ಜೆಯ ಉಕ್ಕಿನ ಬೋಲ್ಟಿಗಿಂತ ಕಡಿಮೆ ಶಕ್ತಿಯದು. ಅದು ನಂಬರ್ ಪ್ಲೇಟಿಗೆ ಸಾಕು.