ಜೋರಾಗಿ ಓಡಿದ ದಿನ ಹಸಿವಿಲ್ಲ, ವಾಕಿಂಗ್ ದಿನ ಬಿಸ್ಕೆಟ್ ಪ್ಯಾಕೆಟ್ ಖಾಲಿ

ತೂಕ ಇಳಿಸ್ಬೇಕು ಅಂತ ದಿನಾ ಒಂದು ಗಂಟೆ ವಾಕಿಂಗ್ ಶುರು ಮಾಡ್ದೆ, ಒಂದು ದಿನಾನೂ ತಪ್ಪಿಸ್ಲಿಲ್ಲ, ಎರಡು ತಿಂಗಳು ಬಿಟ್ಟು ನೋಡಿದ್ರೆ ಅರ್ಧ ಕೆಜಿ ಏರಿದೆ! ತಲೆ ಕೆಟ್ಟೋಯ್ತು. ಆಮೇಲೆ ಒಂದು ನೋಟ್‌ಬುಕ್ ತಗೊಂಡು ಬರೆಯೋಕೆ ಕೂತೆ, ಯಾವತ್ತು ಎಂಥ ವ್ಯಾಯಾಮ, ಮುಗಿದ ತಕ್ಷಣ ಹಸಿವು ಹತ್ತಕ್ಕೆ ಎಷ್ಟು, ಒಂದು ಗಂಟೆ ಆದ್ಮೇಲೆ ಎಷ್ಟು, ರಾತ್ರಿ ಎಷ್ಟು, ಏನೇನು ತಿಂದೆ. ಎಂಟು ವಾರ ಬರೆದೆ. ಸುಳ್ಳು ಬರೀಬಾರ್ದು ಅನ್ನೋದೇ ಕಷ್ಟದ ಕೆಲಸ, ಬೇರೆ ಏನಿಲ್ಲ.

ವಾಕಿಂಗ್ ಜೊತೆಗೆ ವಾರಕ್ಕೆರಡು ದಿನ ಇಂಟರ್ವಲ್ ಸೇರಿಸ್ದೆ, ಅಂದ್ರೆ ಒಂದು ನಿಮಿಷ ಉಸಿರು ಕಟ್ಟೋ ಹಾಗೆ ಓಟ, ಎರಡು ನಿಮಿಷ ನಿಧಾನ, ಹೀಗೆ ಎಂಟು ಸಲ. ಮೊದಲ ದಿನಾನೇ ಆಶ್ಚರ್ಯ ಆಯ್ತು, ಮನೆಗೆ ಬಂದ್ರೆ ಊಟದ ವಾಸನೆನೇ ಬೇಡ ಅನ್ಸ್ತು, ಹಸಿವು ಹತ್ತಕ್ಕೆ ಒಂದು ಅಂತ ಬರೆದಿದ್ದೀನಿ. ಇದು ನನ್ನೊಬ್ಬನ ಕಥೆ ಅಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಹೊಟ್ಟೆಯಿಂದ ಬರೋ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನು, 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದಿದ್ದು, ಜೋರು ವ್ಯಾಯಾಮದಲ್ಲಿ ಅದರ ಚುರುಕಾದ ರೂಪ ಸ್ವಲ್ಪ ಹೊತ್ತು ಕಮ್ಮಿ ಆಗುತ್ತೆ, ಹೊಟ್ಟೆ ತುಂಬ್ತು ಅಂತ ಹೇಳೋ ಪಿವೈವೈ, ಜಿಎಲ್‌ಪಿ-1 ಅನ್ನೋ ಹಾರ್ಮೋನುಗಳು ಏರುತ್ತೆ (ಈಗ ತೂಕ ಇಳಿಸೋ ಇಂಜೆಕ್ಷನ್ ಅಂತ ಎಲ್ಲ ಮಾತಾಡ್ತಾರಲ್ಲ, ಅವು ನಕಲು ಮಾಡೋದು ಈ ಜಿಎಲ್‌ಪಿ-1ನ್ನೇ). ರಕ್ತ ಕರುಳು ಬಿಟ್ಟು ಕಾಲಿನ ಕಡೆ ಓಡೋದೂ ಒಂದು ಕಾರಣ ಇರಬಹುದು ಅಂತಾರೆ. 2022ರಲ್ಲಿ ಲ್ಯಾಕ್-ಫೀ ಅನ್ನೋ ಇನ್ನೊಂದು ಅಣು ಸಿಕ್ತು, ಜೋರಾಗಿ ಓಡಿದಾಗ ಸ್ನಾಯುಗಳಲ್ಲಿ ಹುಟ್ಟೋ ಲ್ಯಾಕ್ಟೇಟ್‌ನಿಂದ ಆಗೋದು, ಅದನ್ನ ದಪ್ಪ ಇಲಿಗಳಿಗೆ ಕೊಟ್ರೆ ತಿನ್ನೋದು ಕಮ್ಮಿ ಮಾಡಿದ್ವಂತೆ, ಮನುಷ್ಯರಲ್ಲಿ ಸ್ಪ್ರಿಂಟ್ ಮಾಡಿದಾಗ್ಲೇ ಅದು ಜಾಸ್ತಿ ಏರೋದು. ನನ್ನ ಲೆಕ್ಕ ಸಿಂಪಲ್: ಓಡ್ತಾ ಒಂದು ಪೂರ್ತಿ ವಾಕ್ಯ ಹೇಳೋಕಾದ್ರೆ ಹಸಿವು ಅಡಗಲ್ಲ, ಎರಡು ಪದಕ್ಕೆ ಉಸಿರು ಸಾಲ್ದಿದ್ರೆ ಅಡಗುತ್ತೆ.

ಇಷ್ಟು ಗೊತ್ತಾಗಿದ್ದೇ ತಡ, ನಾನು ಮಾಡಿದ ದಡ್ಡತನ ಕೇಳಿ. ವಾರಕ್ಕೆ ಐದು ದಿನ ಇಂಟರ್ವಲ್! ಹಸಿವೇ ಇಲ್ವಲ್ಲ ಅಂತ ಬೆಳಗ್ಗೆ ತಿಂಡಿನೂ ಬಿಟ್ಟೆ. ಮೂರು ದಿನ ಹೀರೋ ಥರ ಇದ್ದೆ. ಆದ್ರೆ ಆ ಹಸಿವು ಎಲ್ಲೂ ಹೋಗಿರ್ಲಿಲ್ಲ, ಅಡಗಿದ್ದು ಒಂದು ಗಂಟೆ ಅತ್ತ ಇತ್ತ ಅಷ್ಟೇ, ಸಂಜೆ ಆರರ ಹೊತ್ತಿಗೆ ಬಾಕಿ ವಸೂಲಿಗೆ ಬಂದವನ ಹಾಗೆ ಬಾಗಿಲು ಬಡೀತಿತ್ತು, ಆಗ ನಿಂತ್ಕೊಂಡೇ ತಿನ್ನೋದು, ಏನು ತಿಂದೆ ಅಂತ ನೋಟ್‌ಬುಕ್‌ಗೂ ಬರೀಲಿಲ್ಲ. ಮೂರನೇ ವಾರಕ್ಕೆ ಮಂಡಿ ನೋವು, ನಿದ್ದೆನೂ ಕೆಟ್ಟಿತು, ನಿದ್ದೆ ಕೆಟ್ರೆ ಹಸಿವು ಇನ್ನೂ ಜಾಸ್ತಿ.

ಮತ್ತೆ ಎರಡು ದಿನಕ್ಕೇ ಇಳಿಸ್ದೆ. ಈಗ ಮಾಡೋದು ಇಷ್ಟು, ಓಡಿ ಬಂದ ಮೇಲೆ ಹಸಿವಿಲ್ಲದ ಆ ಮುಕ್ಕಾಲು ಗಂಟೆಯಲ್ಲಿ ಮೊಟ್ಟೆ ಬೇಯಿಸಿ, ಹಣ್ಣು ಹೆಚ್ಚಿಟ್ಟು, ಹಸಿವಾಗ್ಲಿ ಬಿಡ್ಲಿ ಒಂದೂವರೆ ಗಂಟೆ ಒಳಗೆ ಕೂತು ತಿಂತೀನಿ. ಹಸಿದಾಗ ಅಡುಗೆ ಮಾಡಿದ್ರೆ ನನ್ನ ಕೈ ನಿಲ್ಲಲ್ಲ, ಹಸಿವಿಲ್ಲದಾಗ ಮಾಡಿದ್ರೆ ಅಳತೆ ಸರಿ ಬರುತ್ತೆ. ಸಂಜೆ ಹಸಿವಿನ ಅಂಕ ಎಂಟರಿಂದ ಐದಕ್ಕೆ ಇಳೀತು.

ವಾಕಿಂಗ್ ಗುಟ್ಟು ಮಾತ್ರ ಬೇರೆನೇ. ನೋಟ್‌ಬುಕ್‌ನಲ್ಲಿ ಆ ದಿನಗಳ ಹಸಿವು ಮೂರು, ಜಾಸ್ತಿ ಅಂದ್ರೆ ನಾಲ್ಕು, ಆದ್ರೂ ಪ್ಯಾಕೆಟ್ ಖಾಲಿ. ಹಸಿವಿಗೆ ತಿಂದಿದ್ದಲ್ಲ, 'ನಡೆದಿದ್ದೀನಲ್ಲ' ಅಂತ ತಿಂದಿದ್ದು. ಓಡಿದ್ರೆ ಒಂದು ಕಿಲೋಮೀಟರಿಗೆ, ತೂಕದ ಪ್ರತಿ ಕೆಜಿಗೆ, ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಖರ್ಚು, ನಡೆದ್ರೆ ಅದಕ್ಕಿಂತ ಕಮ್ಮಿ. ನಾನು 80 ಕೆಜಿ, 5 ಕಿಲೋಮೀಟರ್ ನಡೆದ್ರೆ 400 ಕೂಡ ದಾಟಲ್ಲ, 100 ಗ್ರಾಂ ಬಿಸ್ಕೆಟ್‌ನಲ್ಲಿ 450ರ ಮೇಲೇ ಇರುತ್ತೆ. ಅದ್ರಲ್ಲೂ ಕೈಯಲ್ಲಿರೋ ವಾಚು ಉದಾರವಾಗಿ ಲೆಕ್ಕ ಕೊಡೋದು, ಅದನ್ನ ನಂಬಿ ನಾನು ಬಹುಮಾನ ತಗೊಳ್ಳೋದು. ಈಗ ಆ ಕ್ಯಾಲೊರಿ ಸ್ಕ್ರೀನನ್ನೇ ಆಫ್ ಮಾಡಿದ್ದೀನಿ.

ಎಲ್ಲರಿಗೂ ಹೀಗೇ ಅಂತ ಇಲ್ಲ, ನನ್ನ ತಂಗಿಗೆ ಉಲ್ಟಾ, ಜೋರಾಗಿ ಓಡಿ ಬಂದ್ರೆ ಶೂ ಬಿಚ್ಚೋ ಮೊದ್ಲೇ ತಿನ್ನೋಕೆ ಬೇಕು. ನನಗೂ ನಿಧಾನದ ಲಾಂಗ್ ರನ್ ಮಾಡಿದ್ರೆ ಆವತ್ತು ಏನೂ ಇಲ್ಲ, ಮಾರನೇ ದಿನ ಪೂರ್ತಿ ಬಾಯಾಡಿಸ್ತಾ ಇರ್ತೀನಿ.

ಇನ್ನು ಈಜಿದ ಮೇಲಿನ ಹಸಿವು, ಅದನ್ನ ನಾನಿನ್ನೂ ಗೆದ್ದಿಲ್ಲ. ತಣ್ಣಗಿನ ನೀರಲ್ಲಿ ವ್ಯಾಯಾಮ ಮಾಡಿದವರು ಬೆಚ್ಚಗಿನ ನೀರಲ್ಲಿ ಮಾಡಿದಾಗಕ್ಕಿಂತ ಆಮೇಲೆ 44 ಶೇಕಡಾ ಜಾಸ್ತಿ ತಿಂದ್ರು ಅಂತ 2005ರ ಒಂದು ಚಿಕ್ಕ ಅಧ್ಯಯನ ಇದೆ. ನಾನು ಬಿಸಿನೀರು ಸ್ನಾನ ಮಾಡಿ ನೋಡ್ದೆ, ಬಿಸಿ ಸೂಪ್ ಕುಡಿದು ನೋಡ್ದೆ. ಸೂಪ್ ಕುಡಿದು, ಊಟನೂ ಮಾಡ್ದೆ, ಆಮೇಲೆ ಬಿಸ್ಕೆಟ್.