ಐಯೋನಾ ದ್ವೀಪದ ಹಳೇ ಸನ್ಯಾಸಿನಿಯರ ಮಠ: ಕೊಡಗಿನವರಿಗೆ ಒಂದಿಷ್ಟು ಟಿಪ್ಸ್

ಮಕ್ಕಳು ಯುಕೆನಲ್ಲಿದ್ದಾರೆ ಅಂತ ಇಲ್ಲಿಂದ ಹೋಗೋರು ಎಡಿನ್‌ಬರೋ ಕೋಟೆ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ, ಎರಡು ದಿನ ಜಾಸ್ತಿ ಇದ್ರೆ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರೋ ಸಣ್ಣ ದ್ವೀಪ ಐಯೋನಾಗೆ ಹೋಗಿ.

ಗ್ಲಾಸ್ಗೋದಿಂದ ಓಬನ್‌ಗೆ ಟ್ರೈನ್, ಸುಮಾರು 3 ಗಂಟೆ, ರಾತ್ರಿ ಅಲ್ಲೇ ಉಳ್ಕೊಳ್ಳಿ. ಬೆಳಗ್ಗೆ ಫೆರಿ ಹತ್ತಿ ಮಲ್ ದ್ವೀಪದ ಕ್ರೇಗ್ನ್ಯೂರ್, ಅಲ್ಲಿಂದ ಬಸ್ಸಲ್ಲಿ ದ್ವೀಪದ ಆ ತುದಿವರೆಗೂ ಹೋದ್ರೆ ಇನ್ನೊಂದು ಸಣ್ಣ ಫೆರಿ, ಅದು 10 ನಿಮಿಷ ಅಷ್ಟೇ. ಕಾರಲ್ಲಿ ಹೋದ್ರೆ ಮಲ್‌ನಲ್ಲೇ ಬಿಡ್ಬೇಕು, ಟೂರಿಸ್ಟ್ ಗಾಡಿಗಳನ್ನ ಐಯೋನಾಗೆ ಬಿಡಲ್ಲ.

ಇಳಿದು ಐದು ನಿಮಿಷ ನಡೆದ್ರೆ ಮಠ, ಟಿಕೆಟ್ ಇಲ್ಲ. ಎಲ್ಲರೂ ಮುಂದಿರೋ ದೊಡ್ಡ ಅಬ್ಬೆಗೆ (ಸನ್ಯಾಸಿಗಳ ಮಠದ ಚರ್ಚ್) ಓಡ್ತಾರೆ, ನನ್ನ ಕೇಳಿದ್ರೆ ಇದೇ ಚೆಂದ. 1200ರ ಆಸುಪಾಸಲ್ಲಿ ಅಲ್ಲಿನ ದೊರೆ ರಾನಲ್ಡ್ ಕಟ್ಟಿಸಿದ್ದು, ಮೊದಲ ಮುಖ್ಯಸ್ಥೆ ಅವನ ತಂಗಿಯೋ ಅಕ್ಕನೋ ಆದ ಬೆಥಾಕ್, 1560ರ ಪ್ರೊಟೆಸ್ಟಂಟ್ ಧಾರ್ಮಿಕ ಸುಧಾರಣೆ ಬಂದ್ಮೇಲೆ ಪಾಳು ಬಿತ್ತು. ಗೋಡೆಯ ಗುಲಾಬಿ ಗ್ರಾನೈಟ್ ಒದ್ದೆಯಾದಾಗ ಇನ್ನೂ ಕೆಂಪಗೆ ಕಾಣುತ್ತೆ. ಊಟದ ಮನೆ ಗೋಡೆಗೆ ಹೊರಗಿಂದ ಸುತ್ತು ಹಾಕಿ, ಕಿಟಕಿ ಮೇಲೆ ಸವೆದು ಹೋದ ಹೆಂಗಸಿನ ನಗ್ನ ಶಿಲ್ಪ ಇದೆ, ಮಠದ ಗೋಡೆಗೆ ಇದ್ಯಾಕೆ ಅಂತ ತಲೆ ಕೆರ್ಕೊಳ್ತೀರ.

ಕಕ್ಕಡದ ಮಳೆ ನೋಡಿದವರಿಗೆ ಅಲ್ಲಿನ ಮಳೆ ಏನೂ ಅಲ್ಲ, ಆದ್ರೆ ಗಾಳಿ ಅಡ್ಡಡ್ಡ ಹೊಡೆಯುತ್ತೆ, ಕೊಡೆ ವೇಸ್ಟ್, ಒಳ್ಳೆ ಜಾಕೆಟ್ ಹಾಕ್ಕೊಳ್ಳಿ. ಗಾಳಿ ಜೋರಾದ್ರೆ ಫೆರಿ ಕ್ಯಾನ್ಸಲ್ ಆಗುತ್ತೆ, ಹಾಗಾಗಿ ಮಾರನೇ ದಿನವೇ ಫ್ಲೈಟ್ ಬುಕ್ ಮಾಡ್ಬೇಡಿ, ವಾಪಸ್ ಬರೋ ಕೊನೇ ಬಸ್ ಟೈಮೂ ಮೊದಲೇ ನೋಡ್ಕೊಳ್ಳಿ.